ಫಲದ ಮನೆ

ಚರ್ಚಿಗೆ ನೂರು ತುಂಬುತ್ತದೆಂದು ಸ್ಮರಣ ಸಂಚಿಕೆ.
'ಸುವಾರ್ತಾ ಸೇವೆಯ ಉದ್ದೇಶ ಮತ್ತು ಮಹತ್ವ,
ಎರಡೇ ಪುಟ, ಸೋಮವಾರದೊಳಗೆ, ಟೀಚರಮ್ಮ'
ಎಂದು ಹೇಳಿ ಹೊರಟರು ಸಭಾಪಾಲಕರು,
ನಾನಿಟ್ಟ ಚಕ್ಕುಲಿ ಮುರಿಯದೆ, ಸ್ಕೂಟರು ಹತ್ತಿ.

'ಉದ್ದೇಶ' ಎಂದು ಬರೆದೆ. ಅಡಿಗೆರೆ ಎಳೆದೆ.
ಗೆರೆಯ ಕೆಳಗೆ ಏನೂ ಬರಲಿಲ್ಲ.

ಕಡೆಗೆ ಟ್ರಂಕಿನ ತಳದಿಂದ ತೆಗೆದೆ
ಅಜ್ಜಿಯ ದಫ್ತರ.
ಬೈಬಲ್ ಹೆಂಗಸು ಸುಜ್ಞಾನಮ್ಮ, ಮಂಡ್ಯ,
ತಿಂಗಳಿಗೆ ಏಳು ರೂಪಾಯಿ.
ನಾಲೆ ಅಗೆಯುತ್ತಿದ್ದ ಕಾಲದ ಶಾಯಿ
ಕಾಫಿಯ ಬಣ್ಣಕ್ಕೆ ತಿರುಗಿದೆ.
ಪುಟಕ್ಕೆ ಐದು ಮನೆ, ಅಡಿಕೋಲಿಟ್ಟು ಎಳೆದದ್ದು:
ತಾರೀಕು, ಊರು, ಕಂಡ ಮನೆ, ಮಾರಿದ ಪುಸ್ತಕ, ಫಲ.

ಬೂದನೂರು. ಹನ್ನೊಂದು ಮನೆ. ಪುಸ್ತಕ ಎರಡು. ಫಲ ಇಲ್ಲ.
ಕೊತ್ತತ್ತಿ. ನಾಲ್ಕು ಮನೆ. ನಾಯಿ ಕಚ್ಚಿತು. ಫಲ ಇಲ್ಲ.
ಕೆರಗೋಡು. ಜಗುಲಿಗೆ ನೀರು ಹಾಕಿ ತೊಳೆದರು,
ನಾನು ಎದ್ದ ಮೇಲೆ. ಫಲ ಇಲ್ಲ.
ಹೀಗೆ ಹತ್ತೊಂಬತ್ತು ವರ್ಷ.
ಮೊದಮೊದಲು ಪೂರ್ತಿ ಬರೆದಿದ್ದಾಳೆ,
ಆಮೇಲೆ ಒಂದು ಅಡ್ಡಗೀಟು,
ಆಮೇಲೆ ಅದೂ ಇಲ್ಲ.

ಆದರೆ ಅಂಚಿನಲ್ಲಿ, ಯಾವ ಮನೆಗೂ ಸೇರದೆ,
ಪೆನ್ಸಿಲಿನಲ್ಲಿ, ಇರುವೆ ಸಾಲಿನಷ್ಟು ಸಣ್ಣಕ್ಕೆ:
'ಕಾಳಿಯ ಕೂಸಿಗೆ ಚಳಿಜ್ವರ. ಕ್ವಿನೈನು
ಬೆಲ್ಲದಲ್ಲಿ ಹುದುಗಿಸಿ ಕೊಟ್ಟೆ. ಉಗುಳಿತು. ಮತ್ತೆ ಕೊಟ್ಟೆ.'
'ಚಿಕ್ಕತಾಯಿ ತನ್ನ ಹೆಸರು ಬರೆದಳು, ಆಲೆಮನೆ ಬೂದಿಯಲ್ಲಿ.
ಗಾಳಿ ಬಂತು. ಇನ್ನೊಂದು ಸಲ ಬರೆದಳು.'
'ಹೆರಿಗೆ. ಕೂಸು ಅಡ್ಡ. ಬೆಳಗಾಯಿತು.
ಕೂಸು ಉಳಿಯಿತು, ಅವಳು ಹೋದಳು.
ಕರ್ತನೇ, ನನಗೆ ಕೈ ಸಾಲದು.'

ಅಜ್ಜಿಗೆ ಮೊದಲು ಸಣ್ಣಿ ಅಂತ ಹೆಸರು.
ಪ್ಲೇಗಿನ ವರ್ಷ ಊರು ಬಯಲಿಗೆ ಬಿದ್ದಾಗ
ಗುಡಿಸಲಲ್ಲಿ ಎರಡು ಹೆಣದ ನಡುವೆ ಸಿಕ್ಕ ಹುಡುಗಿ.
'ಅನ್ನಕ್ಕಾಗಿ ಸೇರಿದೋಳು' ಎಂದು ಯಾರೋ
ಸಂತೆಯಲ್ಲಿ ಕೂಗಿ ಆಡಿದರಂತೆ.
'ಹೌದು' ಅಂದಳಂತೆ, ಕೊಡೆ ಮಡಚಿ,
'ಹಸಿದಿದ್ದೆ.'

ಇನ್ನೊಂದು, ಅವಳ ಬಾಯಲ್ಲೇ ಕೇಳಿದ್ದು.
ಬಸರಾಳಿನ ನಿಂಗಜ್ಜಿ ಅವರೆಕಾಳು ಹಿತುಕುತ್ತಾ ಕೂತಿದ್ದಳು.
ಇವಳೂ ಎದುರು ಕೂತು ಹಿತುಕುತ್ತಾ
ಶಿಲುಬೆಯ ಕಥೆ ಹೇಳಿದಳು.
ಮೊಳೆ ಹೊಡೆದದ್ದು, ಬಾಯಾರಿದ್ದು, ಎಲ್ಲಾ.
'ಅಯ್ಯೋ, ಅವ್ನ್ ಅವ್ವ ಎಲ್ಲೋಗಿದ್ಲವ್ವ ಆಗ?'
'ಅಲ್ಲೇ ನಿಂತಿದ್ದಳು.'
'ನಿಂತ್ಕಂಡು ನೋಡುದ್ಲಾ?'
'ನೋಡಿದಳು.'
ನಿಂಗಜ್ಜಿಯ ಕೈ ನೀರಿನಲ್ಲೇ ನಿಂತಿತು.
'ನನ್ ಮಗ ಕಟ್ಟೆ ಕೆಲ್ಸಕ್ಕೋಗಿ ಸತ್ತ.
ಮೂರ್ ದಿನ ಆದ್ಮೇಲೆ ಸುದ್ದಿ ಬಂತು.
ನೋಡೋಕ್ ಸಿಕ್ತಲ್ಲ ಅವ್ಳ್ಗೆ,
ಪುಣ್ಯವಂತೆ ಬುಡು.'

ಅವತ್ತು ಚೀಲದ ಪುಸ್ತಕ ಚೀಲದಲ್ಲೇ ಉಳಿಯಿತು.
ಹಾಡೂ ಇಲ್ಲ, ಕಣ್ಣು ಮುಚ್ಚಿ ಬೇಡಿದ್ದೂ ಇಲ್ಲ.
ಕಾಳು ಮುಗಿಯುವ ತನಕ ಇಬ್ಬರೂ ಹಿತುಕಿದರು,
ಸಿಪ್ಪೆ ಒಂದು ಕಡೆ, ಬೇಳೆ ಒಂದು ಕಡೆ,
ದೀಪ ಹಚ್ಚುವ ಹೊತ್ತಾಯಿತು.

ಆ ತಾರೀಕು ಹುಡುಕಿದೆ. ಸಿಕ್ಕಿತು.
ಬಸರಾಳು. ಒಂದು ಮನೆ. ಪುಸ್ತಕ ಸೊನ್ನೆ.
ಹತ್ತೊಂಬತ್ತು ವರ್ಷದಲ್ಲಿ ಒಂದೇ ಸಲ
ಫಲದ ಮನೆ ತುಂಬಿಸಿದ್ದಾಳೆ, ದಪ್ಪಕ್ಷರದಲ್ಲಿ:
'ಅವರೆಬೇಳೆ, ಅರ್ಧ ಸೇರು.'
ಮಿಸ್ಸಮ್ಮ ಕೆಂಪು ಶಾಯಿಯಲ್ಲಿ ಹೊಡೆದುಹಾಕಿದ್ದಾರೆ.
ಪಕ್ಕದಲ್ಲಿ ಪ್ರಶ್ನಾರ್ಥಕ ಚಿಹ್ನೆ.
ಅದರ ಕೆಳಗೆ, ಎಷ್ಟೋ ದಿನ ಕಳೆದ ಮೇಲಿರಬೇಕು,
ಅದೇ ಕೆಂಪಿನಲ್ಲಿ, ಪುಟಾಣಿ ಸರಿ ಗುರುತು.

ನಾಳೆ ಸೋಮವಾರ.
ಮಾರ್ಕೆಟ್ಟಿನಲ್ಲಿ ಸೊಗಡವರೆ ಬಂದಿದೆ, ಒಂದು ಕೇಜಿ ತಂದು
ರಾತ್ರಿ ನೆನೆಹಾಕಿದ್ದೆ. ಈಗ ಹಿತುಕುತ್ತಾ ಕೂತಿದ್ದೇನೆ,
ಮಡಿಲಲ್ಲಿ ಹಾಳೆ.
'ಉದ್ದೇಶ'ದ ಮೇಲೆ ನೀರು ಬಿದ್ದು
ಅಡಿಗೆರೆ ಹರಡಿಕೊಳ್ಳುತ್ತಿದೆ.